ಏಳನೇ ತರಗತಿಯ ಹಳೇ ಬಾಕಿ

ಪ್ರಥಮ ಪಿಯುಸಿಯ ಗಣಿತ ಮೊದಲ ತಿಂಗಳು ಯಾರನ್ನೂ ಹೆದರಿಸುವುದಿಲ್ಲ. ಪುಸ್ತಕ ಶುರುವಾಗುವುದೇ ಗಣಗಳಿಂದ. ಎರಡು ವೃತ್ತ ಬರೆದು ಒಳಗೆ ಸಂಖ್ಯೆ ತುಂಬಿದರೆ ಲೆಕ್ಕ ಮುಗಿಯಿತು. ಸಂಬಂಧ ಮತ್ತು ಫಂಕ್ಷನ್ ಪಾಠವೂ ಹೇಗೋ ಸಾಗುತ್ತದೆ. ತ್ರಿಕೋನಮಿತಿ ಬಂತೆಂದರೆ ತರಗತಿ ಎರಡು ಹೋಳಾಗುತ್ತದೆ. ಬೋರ್ಡಿನ ಮೇಲೆ ಒಂದು ಸಾಲಿನಿಂದ ಇನ್ನೊಂದು ಸಾಲು ಹೇಗೆ ಬಂತೆಂದು ಹಿಡಿಯುವವರು ಕೆಲವರು, ಬರೀ ಕಾಪಿ ಮಾಡಿಕೊಳ್ಳುವವರು ಉಳಿದವರು. ಲಿಮಿಟ್ಸ್ ಮತ್ತು ಡೆರಿವೇಟಿವ್ಸ್ ಪಾಠದ ಹೊತ್ತಿಗೆ ಈ ಎರಡನೇ ಗುಂಪಿನವರು ಒಂದು ತೀರ್ಮಾನಕ್ಕೆ ಬಂದುಬಿಟ್ಟಿರುತ್ತಾರೆ: "ಮ್ಯಾಥ್ಸ್ ನನ್ನ ತಲೆಗೆ ಹತ್ತಲ್ಲ ಸಾರ್."

ಈ ಲೇಖನ ಅವರಿಗಾಗಿ. ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತು ತೊಂಬತ್ತು ತೆಗೆದು ವಿಜ್ಞಾನಕ್ಕೆ ಬಂದು, ಈಗ ಕಿರುಪರೀಕ್ಷೆ ಪಾಸಾಗುವುದಕ್ಕೇ ಒದ್ದಾಡುತ್ತಿರುವವರಿಗೆ. ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನು. ಇಂಥ ಉತ್ತರಪತ್ರಿಕೆ ತಿದ್ದುವುದು ನನ್ನ ಕಸುಬಿನ ಭಾಗ. ತಿದ್ದುವಾಗ ಕಾಣುವುದನ್ನು ಮೊದಲೇ ಹೇಳಿಬಿಡುತ್ತೇನೆ. ಡೆರಿವೇಟಿವ್ ಲೆಕ್ಕ ತಪ್ಪಾದ ಪತ್ರಿಕೆಯಲ್ಲಿ ಡೆರಿವೇಟಿವ್‌ನದೇ ತಪ್ಪು ಸಿಗುವುದು ಅಪರೂಪ. ಸೂತ್ರ ಸರಿಯಾಗಿ ಬರೆದಿರುತ್ತಾರೆ, ಬೆಲೆಗಳನ್ನೂ ಸರಿಯಾಗಿ ಹಾಕಿರುತ್ತಾರೆ. ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಭಿನ್ನರಾಶಿ ಕಳೆಯುವಾಗ, ಆವರಣ ಬಿಡಿಸುವಾಗ ಲೆಕ್ಕ ಕೈತಪ್ಪಿರುತ್ತದೆ. ಅದು ಏಳನೇ ಎಂಟನೇ ತರಗತಿಯ ವಿಷಯ. ಆಗ ತೀರಿಸದೆ ಬಿಟ್ಟ ಬಾಕಿ ಈಗ ಬಡ್ಡಿ ಸಮೇತ ಎದುರು ನಿಂತಿದೆ, ಅಷ್ಟೆ. ಬುದ್ಧಿ ಸಾಲದೆಂದು ಅಂದುಕೊಳ್ಳುವವರು ಬಾಕಿ ತೀರಿಸುವ ಗೋಜಿಗೇ ಹೋಗುವುದಿಲ್ಲ. ನನಗೆ ಬೇಸರ ಅದೇ.

ಮಾತಿಗಿಂತ ಒಂದು ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ನಿಮ್ಮ ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನು ಅ ಎಂದೂ, ಎಚ್ ಇರುವ ಕಡೆ ಹ ಎಂದೂ ಬರೆಯುತ್ತೇನೆ. ಅ² ಎಂಬುದರ ಡೆರಿವೇಟಿವ್ 2ಅ. ಇದು ನಿಮಗೆ ಬಾಯಿಪಾಠ. ಎಲ್ಲಿಂದ ಬಂತು?

ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಚೌಕ ಸೈಟು ಇದೆ ಅಂದುಕೊಳ್ಳಿ. ವಿಸ್ತೀರ್ಣ 900 ಚದರ ಅಡಿ. ಬದಿಯನ್ನು ಒಂದು ಅಡಿ ಹಿಗ್ಗಿಸಿದರೆ 31ರ ವರ್ಗ 961, ಹೆಚ್ಚಿದ್ದು 61. ಒಂದು ಅಡಿ ಬೇಡ, ಅಡಿಯ ಹತ್ತನೇ ಒಂದು ಭಾಗ ಮಾತ್ರ ಹಿಗ್ಗಿಸಿದರೆ 30.1ರ ವರ್ಗ 906.01, ಹೆಚ್ಚಿದ್ದು 6.01. ಅದನ್ನು 0.1ರಿಂದ ಭಾಗಿಸಿದರೆ 60.1. ನೂರನೇ ಒಂದು ಭಾಗ ಹಿಗ್ಗಿಸಿದರೆ 60.01. ಹಿಗ್ಗಿಸುವ ಅಳತೆ ಚಿಕ್ಕದಾದಷ್ಟೂ ಉತ್ತರ 60ಕ್ಕೆ ಹತ್ತಿರವಾಗುತ್ತದೆ. 60 ಎಂದರೆ 30ರ ಎರಡರಷ್ಟು. ಡೆರಿವೇಟಿವ್ ಅನ್ನುವುದು ಇಷ್ಟೇ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಇದನ್ನೇ ಅಕ್ಷರಗಳಲ್ಲಿ ಬರೆದರೆ:

[(ಅ + ಹ)² − ಅ²] ÷ ಹ
= [ಅ² + 2ಅಹ + ಹ² − ಅ²] ÷ ಹ
= [2ಅಹ + ಹ²] ÷ ಹ
= 2ಅ + ಹ

ಹ ಸೊನ್ನೆಯತ್ತ ಸರಿದಾಗ ಉಳಿಯುವುದು 2ಅ. ಈಗ ಲೆಕ್ಕ ಹಾಕಿ ನೋಡಿ: ಈ ನಾಲ್ಕು ಸಾಲಿನಲ್ಲಿ ಪಿಯುಸಿಯದು ಎಷ್ಟಿದೆ? ಕೊನೆಯಲ್ಲಿ ಹ ಸೊನ್ನೆಯತ್ತ ಸರಿಯುವ ಒಂದು ಹೆಜ್ಜೆ. ಆವರಣದ ವರ್ಗ ಬಿಡಿಸುವುದು, ಸಮನಾದದ್ದನ್ನು ಕಳೆಯುವುದು, ಹ ಅನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆದು ಭಾಗಿಸುವುದು, ಈ ಮೂರೂ ಹೈಸ್ಕೂಲಿಗೆ ಮುಂಚೆಯೇ ಅಥವಾ ಅದರ ಆರಂಭದಲ್ಲೇ ಬಂದು ಹೋದವು.

ಇಲ್ಲಿ ಆಗುವ ತಪ್ಪು ಒಂದೇ ನಮೂನೆಯದು. (ಅ + ಹ)² ಎಂದರೆ ಅ² + ಹ² ಎಂದು ಬರೆದುಬಿಡುತ್ತಾರೆ. ಹಾಗೆ ಬರೆದರೆ ಏನಾಗುತ್ತದೆಂದು ಮುಂದುವರಿಸಿ ನೋಡಿ. ಅ² ಕಳೆದು ಹೋಗಿ ಹ² ಉಳಿಯುತ್ತದೆ, ಹ ಇಂದ ಭಾಗಿಸಿದರೆ ಬರೀ ಹ, ಅದು ಸೊನ್ನೆಯತ್ತ ಸರಿದರೆ ಉತ್ತರ ಸೊನ್ನೆ. ಅಂದರೆ ಸೈಟಿನ ಬದಿ ಹಿಗ್ಗಿದರೂ ವಿಸ್ತೀರ್ಣ ಹೆಚ್ಚುವ ವೇಗ ಸೊನ್ನೆ! ಸೈಟಿನ ಚಿತ್ರ ಬರೆದುಕೊಂಡರೆ ತಪ್ಪು ಕಣ್ಣಿಗೇ ಬೀಳುತ್ತದೆ. ಹಳೆಯ ಚೌಕದ ಎರಡು ಬದಿಗೆ ಎರಡು ಉದ್ದನೆಯ ಪಟ್ಟಿ ಸೇರುತ್ತವೆ, ಒಂದೊಂದೂ 30 ಅಡಿ ಉದ್ದದ್ದು. ಮೂಲೆಯಲ್ಲಿ ಒಂದು ಪುಟ್ಟ ಚೌಕ ಸೇರುತ್ತದೆ. ನೀವು ಮೂಲೆಯ ಚೂರನ್ನು ಲೆಕ್ಕಕ್ಕೆ ತೆಗೆದುಕೊಂಡು ಎರಡು ಪಟ್ಟಿಗಳನ್ನೇ ಬಿಟ್ಟಿರಿ. ಆ 2ಅಹ ಇದ್ದದ್ದು ಅಲ್ಲೇ.

ಇನ್ನೊಂದು ನೋಡೋಣ, 1/ಅ. ಇದರ ಡೆರಿವೇಟಿವ್ ತೆಗೆಯಬೇಕಾದರೆ 1/(ಅ + ಹ) ಎಂಬುದರಿಂದ 1/ಅ ಕಳೆಯಬೇಕು. ಛೇದಗಳು ಬೇರೆ ಬೇರೆ. ಸಮ ಮಾಡಿಕೊಂಡರೆ ಮೇಲೆ ಅ − (ಅ + ಹ), ಕೆಳಗೆ ಅ(ಅ + ಹ). ಮೇಲಿನದು ಬಿಡಿಸಿದರೆ −ಹ. ಅದನ್ನು ಹ ಇಂದ ಭಾಗಿಸಿದರೆ −1, ಕೆಳಗೆ ಅ(ಅ + ಹ) ಹಾಗೇ ಇದೆ. ಹ ಸೊನ್ನೆಯತ್ತ ಸರಿದಾಗ ಉತ್ತರ −1/ಅ². ಭಿನ್ನರಾಶಿ ಕಳೆಯಲು ಬರುವವರಿಗೆ ಇದು ನಾಲ್ಕು ಸಾಲು. ಬಾರದವರು 1/(ಅ + ಹ) ಅನ್ನು ಒಡೆದು 1/ಅ + 1/ಹ ಮಾಡಿಕೊಳ್ಳುತ್ತಾರೆ. ಮುಂದುವರಿಸಿದರೆ 1/ಹ² ಉಳಿಯುತ್ತದೆ, ಹ ಚಿಕ್ಕದಾದಂತೆ ಅದು ಬೆಳೆಯುತ್ತಲೇ ಹೋಗುತ್ತದೆ. ಹುಡುಗ ತಲೆ ಕೆರೆದುಕೊಂಡು, "ಲಿಮಿಟ್ಸ್ ಅರ್ಥ ಆಗ್ತಿಲ್ಲ ಸಾರ್" ಅನ್ನುತ್ತಾನೆ. ಪಾಪ, ಲಿಮಿಟ್ಸ್ ಅವನಿಗೆ ಏನೂ ಕೆಡುಕು ಮಾಡಿಲ್ಲ.

ಭಿನ್ನರಾಶಿಯ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಸ್ವಂತ ಅನುಭವವಷ್ಟೇ ಕಾರಣವಲ್ಲ. ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ದೀರ್ಘಾವಧಿಯ ಮಾಹಿತಿಯನ್ನು ಜಾಲಾಡಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಚೆನ್ನಾಗಿ ಗೊತ್ತಿದ್ದ ಮಕ್ಕಳು ಐದಾರು ವರ್ಷದ ನಂತರ ಬೀಜಗಣಿತದಲ್ಲೂ ಒಟ್ಟಾರೆ ಗಣಿತದಲ್ಲೂ ಮುಂದಿದ್ದರು. ಮನೆಯ ಆದಾಯ, ತಂದೆತಾಯಿಯ ಓದು, ಮಗುವಿನ ಬುದ್ಧಿಮತ್ತೆ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು.

ನಮ್ಮವರಿಗೆ ಇದು ಹೊಸ ಸುದ್ದಿಯೇನಲ್ಲ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಭಿನ್ನರಾಶಿಗೆಂದೇ ಅಲ್ಲಿ ಇಡೀ ಒಂದು ಅಧ್ಯಾಯವಿದೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರೂ ಇವರೇ. ಸಂಕೀರ್ಣ ಸಂಖ್ಯೆಗಳ (ಕಾಂಪ್ಲೆಕ್ಸ್ ನಂಬರ್ಸ್) ಪಾಠ ಹುಟ್ಟುವುದು ಆ ತೊಡಕಿನಿಂದಲೇ. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯರದೂ ಅದೇ ಕ್ರಮ. ಮೊದಲು ಪೂರ್ಣ ಸಂಖ್ಯೆಗಳ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ವರ್ಗ, ಘನ, ಮೂಲಗಳು, ಆಮೇಲೆ ಅವೇ ಕ್ರಿಯೆಗಳು ಭಿನ್ನರಾಶಿಗೆ, ಆಮೇಲೆ ಸೊನ್ನೆಗೆ. ಅವಷ್ಟೂ ಮುಗಿದ ಮೇಲೆ ಉಳಿದದ್ದು. ನಮ್ಮ ಹಳೆಯ ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬಾಯಿಪಾಠವೊಂದೇ ಸಾಕು ಎಂದು ನಾನು ಹೇಳುತ್ತಿಲ್ಲ. ಆದರೆ ಮುಕ್ಕಾಲಿನ ಅರ್ಧ ಎಷ್ಟು ಎಂದು ಕೇಳಿದಾಗ ಆ ಕಾಲದ ಅಂಗಡಿಯ ಹುಡುಗ ಫೋನು ಹುಡುಕುತ್ತಿರಲಿಲ್ಲ.

ಮೇಲಿನ ಎರಡೂ ತಪ್ಪುಗಳನ್ನು ಮತ್ತೊಮ್ಮೆ ನೋಡಿ. ರೋಗ ಒಂದೇ. ಆವರಣದೊಳಗೆ ಕೂಡುವ ಚಿಹ್ನೆ ಕಂಡರೆ ಹೊರಗಿನದನ್ನು ಒಳಗಿನ ಎರಡಕ್ಕೂ ಹಂಚಿಬಿಡುವ ಅಭ್ಯಾಸ. 3(ಅ + ಬ) ಎಂಬಲ್ಲಿ ಹಂಚಿದರೆ ಸರಿ, ಯಾಕೆಂದರೆ ಅದು ಗುಣಾಕಾರ. ಆ ಅಭ್ಯಾಸವೇ ಎಲ್ಲೆಲ್ಲೂ ನುಗ್ಗುತ್ತದೆ. √(9 + 16) ಎಂದರೆ 3 + 4, ಅಂದರೆ 7 ಎಂದು ಬರೆಯುತ್ತಾರೆ. ನಿಜ ಉತ್ತರ √25, ಅಂದರೆ 5. ಸೈನ್ (30° + 60°) ಎಂದರೆ ಸೈನ್ 30° + ಸೈನ್ 60° ಎನ್ನುತ್ತಾರೆ, ಕೂಡಿದರೆ 1.366 ಬರುತ್ತದೆ, ಸೈನ್ ಎಂದೂ ಒಂದನ್ನು ದಾಟುವುದಿಲ್ಲ ಎಂಬುದು ಆ ಹೊತ್ತಿಗೆ ಮರೆತಿರುತ್ತದೆ. ಲಾಗ್ (ಅ + ಬ) ಎಂದರೆ ಲಾಗ್ ಅ + ಲಾಗ್ ಬ ಎನ್ನುತ್ತಾರೆ. ಅದು ಗುಣಲಬ್ಧದ ಲಾಗ್, ಮೊತ್ತದ್ದಲ್ಲ. (ಅ + 3)/3 ಕಂಡರೆ ಮೇಲಿನ ಮೂರಕ್ಕೂ ಕೆಳಗಿನ ಮೂರಕ್ಕೂ ಅಡ್ಡಗೆರೆ ಎಳೆದು ಅ ಎಂದು ಮುಗಿಸುವುದು ಇದರ ಸೋದರ ತಪ್ಪು. ಹೊಡೆದುಹಾಕುವುದು ಇಡೀ ಅಂಶಕ್ಕೆ ಗುಣಕವಾಗಿ ಅಂಟಿಕೊಂಡಿದ್ದನ್ನು ಮಾತ್ರ, ಕೂಡಿಸಿಕೊಂಡು ಕೂತಿದ್ದನ್ನಲ್ಲ.

ಇವನ್ನು ಒಂದೊಂದಾಗಿ "ತಪ್ಪು, ತಪ್ಪು" ಎಂದು ನೆನಪಿಟ್ಟುಕೊಳ್ಳುವುದು ಕಷ್ಟ. ಅದರ ಬದಲು ಒಂದು ಚಟ ಬೆಳೆಸಿಕೊಳ್ಳಿ: ಅನುಮಾನ ಬಂದಾಗ ಸಂಖ್ಯೆ ಹಾಕಿ ನೋಡುವುದು. 1/(2 + 3) ಎಂದರೆ ಐದನೇ ಒಂದು, 0.2. 1/2 + 1/3 ಎಂದರೆ 5/6. ಸಮ ಅಲ್ಲ, ಮುಗಿಯಿತು. (ಅ + 3)/3ರಲ್ಲಿ ಅ ಜಾಗಕ್ಕೆ 6 ಹಾಕಿ: 9/3, ಅಂದರೆ 3, 6 ಅಲ್ಲ. ಹತ್ತು ಸೆಕೆಂಡಿನ ಕೆಲಸ. ಸೊನ್ನೆ ಮತ್ತು ಒಂದನ್ನು ಮಾತ್ರ ಹಾಕಬೇಡಿ. ಅವು ತಪ್ಪನ್ನೂ ಎಷ್ಟೋ ಸಲ ಸರಿ ಎಂದು ತೋರಿಸಿಬಿಡುತ್ತವೆ. ಒಂದು ಎಚ್ಚರ: ಸಂಖ್ಯೆ ಹಾಕಿ ನೋಡಿದಾಗ ಎರಡೂ ಕಡೆ ಸಮ ಬಂದರೆ ಅದು ಸಾಧನೆಯಾಗುವುದಿಲ್ಲ, ಸಮ ಬರದಿದ್ದರೆ ಮಾತ್ರ ತಪ್ಪೆಂಬುದು ಖಚಿತ.

ಋಣ ಚಿಹ್ನೆಯ ಕತೆ ಬೇರೆ. ಅದು ತಿಳಿಯದೆ ಆಗುವ ತಪ್ಪಲ್ಲ, ಕೈ ಆತುರದ್ದು. ಸರಳರೇಖೆಗಳ ಪಾಠದಲ್ಲಿ (−3, 4) ಮತ್ತು (2, −6) ಎಂಬ ಬಿಂದುಗಳನ್ನು ಸೇರಿಸುವ ರೇಖೆಯ ಇಳಿಜಾರು ಕೇಳುತ್ತಾರೆ. ಮೇಲೆ −6 − 4, ಅಂದರೆ −10. ಕೆಳಗೆ 2 − (−3), ಅಂದರೆ 5. ಇಳಿಜಾರು −2. ಆವರಣ ಹಾಕದೆ 2 − 3 ಎಂದು ಬರೆದವರಿಗೆ ಕೆಳಗೆ −1 ಬರುತ್ತದೆ, ಇಳಿಜಾರು 10 ಆಗುತ್ತದೆ. ಇಳಿಯಬೇಕಾದ ರೇಖೆ ಏರಿಬಿಡುತ್ತದೆ. ಋಣ ಸಂಖ್ಯೆಯನ್ನು ಯಾವುದೇ ಸೂತ್ರಕ್ಕೆ ಹಾಕುವಾಗ ಅದಕ್ಕೆ ಆವರಣ ತೊಡಿಸಿಯೇ ಹಾಕಿ. −3² ಎಂದರೆ −9, (−3)² ಎಂದರೆ 9 ಎಂಬ ವ್ಯತ್ಯಾಸವೂ ಆ ಆವರಣದಲ್ಲೇ ಅಡಗಿದೆ. ಇಷ್ಟು ಸಣ್ಣ ವಿಷಯಕ್ಕೆ ಪಾಠ ಮಾಡಬೇಕೇ ಎಂದು ಕೇಳಬೇಡಿ. ಪತ್ರಿಕೆ ತಿದ್ದುವ ಯಾರನ್ನಾದರೂ ಕೇಳಿ ನೋಡಿ, ಅಂಕ ಸೋರುವುದು ಇಲ್ಲೇ ಅನ್ನುತ್ತಾರೆ.

"ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ" ಎಂಬ ಮಾತು ಇನ್ನೊಂದು ಕಾಟ. ಪಕ್ಷಾಂತರವನ್ನು ಶಾಲೆಯಲ್ಲಿ ಹೀಗೇ ಹೇಳಿಕೊಡುತ್ತಾರೆ, ಬೇಗ ಕೆಲಸ ಆಗಲಿ ಎಂದು. ಅ + 3 = 12 ಇದ್ದಾಗ ಅ = 12 − 3; ಸರಿ. 3ಅ = 12 ಬಂದಾಗ ಅದೇ ಮಾತನ್ನು ನಂಬಿ ಅ = 12 − 3 ಎಂದು ಬರೆದವರನ್ನೂ, ಅ = −12/3 ಎಂದು ಬರೆದವರನ್ನೂ ಪಿಯುಸಿಯಲ್ಲಿ ನೋಡುತ್ತೇನೆ. ಯಾವುದೂ ಆ ಕಡೆ ಈ ಕಡೆ ಓಡಾಡುವುದಿಲ್ಲ. ಸಮ ಚಿಹ್ನೆಯ ಎರಡೂ ಕಡೆಗೆ ಒಂದೇ ಕೆಲಸ ಮಾಡುತ್ತೇವೆ: ಎರಡೂ ಕಡೆಯಿಂದ ಮೂರು ಕಳೆಯುತ್ತೇವೆ, ಇಲ್ಲವೇ ಎರಡೂ ಕಡೆಯನ್ನು ಮೂರರಿಂದ ಭಾಗಿಸುತ್ತೇವೆ. ಇದನ್ನು ಹಿಡಿದುಕೊಂಡವರಿಗೆ ಅಸಮತೆಗಳ ಪಾಠ ಬಂದಾಗ ಕೇಳಲು ಒಂದೇ ಹೊಸ ವಿಷಯ ಇರುತ್ತದೆ: ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆ ತಿರುಗುತ್ತದೆ. −2ಅ < 6 ಆದರೆ ಅ > −3. ಯಾಕೆ ತಿರುಗುತ್ತದೆ? 2 < 5 ನಿಜ. ಎರಡೂ ಕಡೆ −1ರಿಂದ ಗುಣಿಸಿದರೆ −2 ದೊಡ್ಡದು, −5 ಚಿಕ್ಕದು. ಅಷ್ಟೇ.

ಇನ್ನು ಮಗ್ಗಿ. "ಪಿಯುಸಿಗೆ ಬಂದ ಮೇಲೂ ಮಗ್ಗಿನಾ?" ಎಂದು ಮುಖ ಸಿಂಡರಿಸುತ್ತಾರೆ. 6ಅ² − 11ಅ − 35 ಅಪವರ್ತಿಸಿ ನೋಡಿ. ಗುಣಿಸಿದರೆ −210, ಕೂಡಿದರೆ −11 ಬರುವ ಎರಡು ಸಂಖ್ಯೆ ಬೇಕು. ಮಗ್ಗಿ ನಾಲಿಗೆಯ ತುದಿಯಲ್ಲಿ ಇದ್ದವರಿಗೆ −21 ಮತ್ತು 10 ಬೇಗ ಹೊಳೆಯುತ್ತವೆ. ಉತ್ತರ (3ಅ + 5)(2ಅ − 7). ಇಲ್ಲದವರು 210ಕ್ಕೆ ಏನೇನು ಹೋಗುತ್ತದೆಂದು ಹುಡುಕುತ್ತಾ ಕೂರುತ್ತಾರೆ. ಹುಡುಕಿ ಮುಗಿಯುವ ಹೊತ್ತಿಗೆ, ತಾವು ಅಪವರ್ತನ ಮಾಡಲು ಹೊರಟದ್ದು ಯಾತಕ್ಕೆ ಎಂಬುದೇ ಮರೆತುಹೋಗಿರುತ್ತದೆ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಸಂಗತಿಗಳು ಬೆರಳೆಣಿಕೆಯಷ್ಟೇ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದರು. ಅವರು ಏಳರ ಆಸುಪಾಸು ಎಂದರು, ಆಮೇಲೆ ಬಂದವರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಆ ನಾಲ್ಕರಲ್ಲಿ ಎರಡನ್ನು ಏಳು ಎಂಟಲಿ ಎಷ್ಟು ಎಂಬುದೇ ಹಿಡಿದುಕೊಂಡರೆ ಹೊಸ ಪಾಠಕ್ಕೆ ಜಾಗ ಎಲ್ಲಿ? ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದೊಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್, ಕ್ಯಾಲ್ಕುಲೇಟರ್ ಇಲ್ಲ. ಎರಡರಿಂದ ಇಪ್ಪತ್ತರವರೆಗಿನ ಮಗ್ಗಿ, ಮೂವತ್ತರವರೆಗಿನ ವರ್ಗಗಳು ಬಾಯಿಗೆ ಬರಲಿ ಎನ್ನುವುದು ಹಳೆಯ ಕಾಲದ ಮೇಷ್ಟ್ರ ಹಟವಲ್ಲ.

ಬಾಕಿ ಹೇಗೆ ಬೆಳೆಯಿತು ಎಂಬುದಕ್ಕೆ ನಿಮ್ಮೊಬ್ಬರನ್ನೇ ದೂರುವಂತಿಲ್ಲ. ಋಣ ಸಂಖ್ಯೆ, ಭಿನ್ನರಾಶಿ, ಬೀಜಗಣಿತದ ಮೊದಲ ಪಾಠ ಇವೆಲ್ಲ ಬರುವುದು ಆರು ಏಳನೇ ತರಗತಿಗಳಲ್ಲಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಐದನೇ ತರಗತಿಯಲ್ಲಿದ್ದ ಮಕ್ಕಳು 2025ರಲ್ಲಿ ಪ್ರಥಮ ಪಿಯುಸಿಗೆ ಬಂದರು. ಅವರ ಆರನೇ ತರಗತಿ ಬಹುಪಾಲು ಮೊಬೈಲಿನಲ್ಲೇ ಕಳೆಯಿತು, ಮೊಬೈಲ್ ಇದ್ದವರಿಗೆ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರನ್ನು ನೋಡಿದ 2023ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿಯ ಪ್ರಕಾರ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಶೇ. 43.3 ಮಾತ್ರ. ಆಮೇಲೆ ಎಸ್ಸೆಸ್ಸೆಲ್ಸಿಯ 'ಪಾಸಿಂಗ್ ಪ್ಯಾಕೇಜ್', ಹಳೆಯ ಪ್ರಶ್ನೆಪತ್ರಿಕೆ, ಬರಬಹುದಾದ ಲೆಕ್ಕಗಳ ಪಟ್ಟಿ. ನಮೂನೆ ನೋಡಿ ನಮೂನೆ ಬರೆದರೆ ಅಂಕ ಬರುತ್ತದೆ. ಅಂಕ ಬಂದದ್ದು ಸುಳ್ಳಲ್ಲ, ಆದರೆ ಅದು ಭಿನ್ನರಾಶಿ ಗೊತ್ತಿದೆ ಎಂಬುದಕ್ಕೆ ಸರ್ಟಿಫಿಕೇಟೂ ಅಲ್ಲ. ಪಿಯುಸಿಯ ಲೆಕ್ಕ ಭಿನ್ನರಾಶಿಯನ್ನು ಪ್ರಶ್ನೆಯಾಗಿ ಕೇಳುವುದಿಲ್ಲ; ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಹೊರೆ. ಅಪವರ್ತನ, ಘಾತಾಂಕ, ಲಂಬ ಎಂದು ಕಲಿತದ್ದು ಒಮ್ಮೆಲೇ ಇಂಗ್ಲಿಷಾಗುತ್ತದೆ. ಗೊತ್ತಿದ್ದ ವಿಷಯವೂ ಗೊತ್ತಿಲ್ಲದಂತೆ ಕಾಣುತ್ತದೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡು ಕಾಲಂ ಮಾಡಿ, ಹೊಸ ಪದ ಬಂದಾಗಲೆಲ್ಲ ಪಕ್ಕದಲ್ಲಿ ಕನ್ನಡದ್ದು ಬರೆದಿಡಿ. ಕನ್ನಡದಲ್ಲೇ ಯೋಚಿಸಿ, ಬರೆಯುವಾಗ ಇಂಗ್ಲಿಷಿನಲ್ಲಿ ಬರೆಯಿರಿ. ದೀಪಾವಳಿಯ ಹೊತ್ತಿಗೆ ಈ ತೊಂದರೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಅದನ್ನು ಗಣಿತದ ತೊಂದರೆ ಎಂದು ತಪ್ಪು ತಿಳಿಯಬೇಡಿ.

ಈಗ ನಿಮ್ಮ ಬಾಕಿ ಎಷ್ಟಿದೆ ನೋಡಿಕೊಳ್ಳಿ. ಫೋನು ದೂರ ಇಟ್ಟು, ಒಂದು ಹಾಳೆ ತೆಗೆದುಕೊಂಡು ಇವನ್ನು ಮಾಡಿ. −7 − (−4) ಎಷ್ಟು? 3/4 − 5/6 ಎಷ್ಟು? (2ಅ − 3)² ಬಿಡಿಸಿ. 2³ × 2⁴ ಮತ್ತು 2³ + 2⁴, ಎರಡನ್ನೂ ಬರೆಯಿರಿ. √50 ಸರಳಗೊಳಿಸಿ. 3ಅ − 5 = 7ಅ + 11 ಬಿಡಿಸಿ. 5 − (ಅ − 3) ಸರಳಗೊಳಿಸಿ. (ಅ² − 9)/(ಅ − 3) ಸರಳಗೊಳಿಸಿ, ಅ ಮೂರು ಅಲ್ಲ ಎಂದುಕೊಂಡು.

ಉತ್ತರಗಳು ಇದೇ ಕ್ರಮದಲ್ಲಿ: −3; −1/12; 4ಅ² − 12ಅ + 9; 128 ಮತ್ತು 24; 5√2; ಅ = −4; 8 − ಅ; ಅ + 3. ಕೊನೆಯದನ್ನು ಗಮನಿಸಿದಿರಾ? ಅ ಮೂರರತ್ತ ಸರಿದಾಗ ಅದರ ಬೆಲೆ 6 ಎಂದು ಬರೆದರೆ ಅದು ಲಿಮಿಟ್ಸ್ ಪಾಠದ ಲೆಕ್ಕವೇ. ನೇರವಾಗಿ 3 ಹಾಕಿದವರಿಗೆ 0/0 ಸಿಗುತ್ತದೆ, ಅದನ್ನು ಕೆಲವರು ಸೊನ್ನೆ ಎಂದೂ ಕೆಲವರು ಒಂದು ಎಂದೂ ಬರೆಯುತ್ತಾರೆ. ಸೊನ್ನೆಯಿಂದ ಭಾಗಿಸುವಂತಿಲ್ಲ ಎಂಬುದಕ್ಕೆ ಕಾರಣ ಆರನೇ ತರಗತಿಯಲ್ಲೇ ಸಿಗುತ್ತದೆ: 12/3 ಎಂದರೆ ಮೂರನ್ನು ಯಾವುದರಿಂದ ಗುಣಿಸಿದರೆ 12 ಎಂಬ ಪ್ರಶ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೆ ಸೊನ್ನೆ? ಎಲ್ಲದರಿಂದಲೂ. ಆದ್ದರಿಂದ ಉತ್ತರವೇ ನಿಲ್ಲುವುದಿಲ್ಲ.

ಎಂಟರಲ್ಲಿ ಏಳು ಸರಿಯಾದವರು ಈ ಲೇಖನವನ್ನು ಇಲ್ಲಿಗೆ ಬಿಟ್ಟು ಹೊಸ ಪಾಠ ಓದಿಕೊಳ್ಳಬಹುದು. ಮೂರು ನಾಲ್ಕು ತಪ್ಪಾದವರು ಗಾಬರಿಯಾಗಬೇಡಿ. ನಿಮ್ಮ ಕೈಯಲ್ಲಿ ಈಗ ಒಂದು ಪಟ್ಟಿ ಇದೆ. ಒಂದನೇ ತರಗತಿಯಿಂದ ಮತ್ತೆ ಶುರು ಮಾಡುವ ಅಗತ್ಯವಿಲ್ಲ. ಹಾಗೆ ಶುರು ಮಾಡಿದವರು ವಾರದಲ್ಲಿ ಬೇಸತ್ತು ಬಿಡುತ್ತಾರೆ. ಪಟ್ಟಿಯಲ್ಲಿ ಇರುವುದನ್ನಷ್ಟೇ ಸರಿಮಾಡಿ. ಕ್ರಮ ಮಾತ್ರ ತಪ್ಪಿಸಬೇಡಿ: ಋಣ ಚಿಹ್ನೆ ಮೊದಲು, ಆಮೇಲೆ ಭಿನ್ನರಾಶಿ, ಘಾತಾಂಕ, ನಿತ್ಯಸಮೀಕರಣ ಮತ್ತು ಅಪವರ್ತನ, ಕೊನೆಗೆ ಸಮೀಕರಣ. ಹಿಂದಿನದು ಸಡಿಲವಿದ್ದರೆ ಮುಂದಿನದು ನಿಲ್ಲುವುದಿಲ್ಲ. ಪುಸ್ತಕಕ್ಕೆ ದುಡ್ಡು ಖರ್ಚು ಮಾಡಬೇಡಿ. ತಮ್ಮನದೋ ತಂಗಿಯದೋ ಪಕ್ಕದ ಮನೆಯ ಮಗುವಿನದೋ ಏಳು, ಎಂಟು, ಒಂಬತ್ತನೇ ತರಗತಿಯ ಪಠ್ಯಪುಸ್ತಕ ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲೂ ಪುಕ್ಕಟೆ ಸಿಗುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ ಇದಕ್ಕೆ ಇಡಿ, ಕಾಲೇಜಿನ ಪಾಠದ ಜೊತೆಜೊತೆಗೇ. ಭಾನುವಾರ ನಾಲ್ಕು ಗಂಟೆ ಕೂತು ಮುಗಿಸುತ್ತೇನೆ ಅನ್ನುವುದಕ್ಕಿಂತ ದಿನವೂ ಇಷ್ಟಿಷ್ಟೇ ಮಾಡುವುದು ಹೆಚ್ಚು ನಿಲ್ಲುತ್ತದೆ. ಮಾಡುವ ರೀತಿ ಹೀಗಿರಲಿ: ಪಠ್ಯದಲ್ಲಿ ಬಿಡಿಸಿ ಕೊಟ್ಟ ಉದಾಹರಣೆಯನ್ನು ಸಾಲುಸಾಲಾಗಿ ಓದಿ, ಒಂದೊಂದು ಸಾಲಿಗೂ "ಇದು ಯಾಕೆ?" ಎಂದು ಕೇಳಿಕೊಳ್ಳಿ, ಮುಚ್ಚಿಟ್ಟು ನೀವೇ ಬರೆಯಿರಿ, ತೆಗೆದು ಹೋಲಿಸಿ. ಹೊಸಬರಿಗೆ ಬಿಡಿಸಿದ ಉದಾಹರಣೆಯನ್ನು ಅರಗಿಸಿಕೊಳ್ಳುವುದು, ಬಿಡಿಸದ ಲೆಕ್ಕಗಳ ಜೊತೆ ಒಬ್ಬರೇ ಗುದ್ದಾಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ವಿದ್ಯಾರ್ಥಿಗಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ಯೂಟ್ಯೂಬಿನಲ್ಲಿ ಯಾರೋ ಬಿಡಿಸುವುದನ್ನು ನೋಡಿ ತಲೆದೂಗುವುದು ಈ ಲೆಕ್ಕಕ್ಕೆ ಬರುವುದಿಲ್ಲ. ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಪೆನ್ನು ಹಿಡಿದಾಗಲೇ ಗೊತ್ತಾಗುವುದು.

ಟ್ಯೂಷನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ಬೆಳಗ್ಗೆ ಕಾಲೇಜಿನಲ್ಲಿ ಅರ್ಥವಾಗದ ಪಾಠವನ್ನೇ ಸಂಜೆ ಇನ್ನೊಬ್ಬರು ಇನ್ನೂ ವೇಗವಾಗಿ ಮಾಡುವ ಟ್ಯೂಷನ್ ದಂಡ. ಸೂತ್ರಗಳ ಚಾರ್ಟು, ಶಾರ್ಟ್‌ಕಟ್ ಪುಸ್ತಕ ಅದಕ್ಕಿಂತ ದಂಡ. ಅಪ್ಪ ಅಮ್ಮಂದಿರು ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಲಿ: "ನಮ್ಮ ಮಗುವಿಗೆ ಏಳನೇ ತರಗತಿಯದು ಬರದಿದ್ದರೆ ಅದನ್ನೂ ಹೇಳಿಕೊಡುತ್ತೀರಾ?" ಹೌದು ಅಂದವರ ಹತ್ತಿರ ಕಳಿಸಿ. ನನ್ನ ಜೊತೆಯ ಉಪನ್ಯಾಸಕರಿಗೂ ಒಂದು ಮಾತು ಇದೆ. ಸಿಲೆಬಸ್ ಮುಗಿಸುವ ಒತ್ತಡ ಎಲ್ಲರಿಗೂ ಗೊತ್ತು. ಆದರೂ "ಇದು ಹೈಸ್ಕೂಲಿನದು, ನಿಮಗೆ ಗೊತ್ತಿರಬೇಕು" ಎಂಬ ಒಂದು ವಾಕ್ಯ ಅರ್ಧ ತರಗತಿಯ ಬಾಯಿ ಮುಚ್ಚಿಸುತ್ತದೆ. ಆ ಸಾಲಿಗೆ ಎರಡು ನಿಮಿಷ ಕೊಟ್ಟರೆ ಪಾಠವೇನೂ ಹಿಂದೆ ಬೀಳುವುದಿಲ್ಲ.

ಎಷ್ಟು ದಿನದಲ್ಲಿ ಸರಿಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಋಣ ಚಿಹ್ನೆ ಬೇಗ ಹಿಡಿತಕ್ಕೆ ಬರುತ್ತದೆ, ಭಿನ್ನರಾಶಿ ತಡ ಮಾಡುತ್ತದೆ. ನಡುವೆ ಒಂದು ಕಿರುಪರೀಕ್ಷೆಯಲ್ಲಿ ಅಂಕ ಏರದೆಯೂ ಇರಬಹುದು. ಆಗ ಅಂಕದ ಬದಲು ತಪ್ಪು ಯಾವ ಸಾಲಿನಲ್ಲಿ ಆಗಿದೆ ನೋಡಿ. ಮೊದಲು ಎರಡನೇ ಸಾಲಿನಲ್ಲಿ ಬೀಳುತ್ತಿದ್ದವರು ಈಗ ಆರನೇ ಸಾಲಿನವರೆಗೆ ಬಂದು ಬಿದ್ದಿದ್ದರೆ ಅದು ಪ್ರಗತಿಯೇ. ವಾರ್ಷಿಕ ಪರೀಕ್ಷೆಯಲ್ಲಿ ಹೆಜ್ಜೆಗಳಿಗೂ ಅಂಕ ಇದೆ.

ಆದ್ದರಿಂದ ಮುಂದಿನ ಕಿರುಪರೀಕ್ಷೆಯ ಪತ್ರಿಕೆ ಕೈಗೆ ಬಂದಾಗ ಅಂಕ ನೋಡಿ ಮಡಚಿಡಬೇಡಿ. ತಪ್ಪಾದ ಒಂದೊಂದು ಲೆಕ್ಕದಲ್ಲೂ ಮೊದಲು ತಪ್ಪಿದ ಸಾಲು ಯಾವುದೆಂದು ಹುಡುಕಿ, ಅದರ ಕೆಳಗೆ ಗೆರೆ ಎಳೆದು, ಅದು ಯಾವ ತರಗತಿಯ ವಿಷಯ ಎಂದು ಪಕ್ಕದಲ್ಲಿ ಬರೆಯಿರಿ. ಬರೆದಿದ್ದನ್ನು ಹಿಡಿದು ನಿಮ್ಮ ಉಪನ್ಯಾಸಕರ ಹತ್ತಿರ ಹೋಗಿ, ಛೇದ ಸಮ ಮಾಡುವುದು ಬರುವುದಿಲ್ಲ ಎಂದು ನೇರವಾಗಿ ಹೇಳಿ. ನಾಚಿಕೊಳ್ಳಬೇಡಿ. ಸ್ಟಾಫ್ ರೂಮಿಗೆ ಬರುವಾಗ ಪತ್ರಿಕೆ ತನ್ನಿ, ಗೈಡು ಬೇಡ.